ಮನೆಯ ನಾಯಿ, ಮನೆಯವರ ಆರೋಗ್ಯ



ಪವಿತ್ರ ಗ್ರಂಥದಲ್ಲಿ ನಾಯಿಗೆ ಅಷ್ಟೇನೂ ಗೌರವದ ಸ್ಥಾನವಿಲ್ಲ. ಆದರೂ ತೊಬೀತನ ಗ್ರಂಥದಲ್ಲಿ ಮಗ ತೊಬಿಯನು ದೇವದೂತನೊಡನೆ ದೂರದ ಪಯಣಕ್ಕೆ ಹೊರಟಾಗ ಅವನ ನಾಯಿಯೂ ಹಿಂದೆ ಹೋಯಿತೆಂದು ಬರೆದಿದೆ. ಪ್ಲೇಗು ಪೀಡಿತರ ಪಾಲಕರಾದ ಸಂತ ರೋಕರ ಪ್ರತಿಮೆಯ ಬಳಿ ಬಾಯಲ್ಲಿ ರೊಟ್ಟಿ ಹಿಡಿದ ನಾಯಿಯನ್ನು ನೀವು ನೋಡಿರಬಹುದು. ನಮ್ಮ ಸಾಂಗಲಿ, ಮಿರಜ ಭಾಗದಲ್ಲಂತೂ ಕಬ್ಬಿನ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ, ಕುರಿಹಟ್ಟಿಗೆ ನಾಯಿ ಬೇಕೇ ಬೇಕು. ಆದ್ದರಿಂದ ಸಾಕಬೇಡಿರೆಂದು ಹೇಳುವುದಿಲ್ಲ. ಆದರೆ ನಾವೆಲ್ಲ ಹೆದರುವುದು ಬೀದಿನಾಯಿಗೆ. ಅಂಗಳದಲ್ಲಿ ಮಲಗುವ, ಮಕ್ಕಳು ತಬ್ಬಿಕೊಳ್ಳುವ ನಮ್ಮದೇ ನಾಯಿಯ ವಿಷಯದಲ್ಲಿ ಎಚ್ಚರ ಸಾಲದು.

ಮೊದಲನೆಯದು ರೇಬಿಸ್, ಅಂದರೆ ಹುಚ್ಚುನಾಯಿ ರೋಗ. ಕಳೆದ ಮಳೆಗಾಲದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ಮಗನನ್ನು ಕರೆತಂದು, "ಫಾದರ್, ಇವನ ತಲೆ ಮ್ಯಾಲ ಕೈಯಿಟ್ಟು ಪ್ರಾರ್ಥನೆ ಮಾಡ್ರಿ, ನಾಯಿಮರಿ ಹಲ್ಲು ತಾಗೇತಿ" ಎಂದರು. ಯಾವಾಗ ಎಂದು ಕೇಳಿದರೆ, ನಿನ್ನೆ ಸಂಜೆ. "ನಮ್ಮದೇ ಮರಿ ರೀ, ಎರಡು ತಿಂಗಳದ್ದು. ಸುಣ್ಣ, ಖಾರಪುಡಿ ಹಚ್ಚೇವ್ರಿ." ಪ್ರಾರ್ಥನೆ ಮಾಡಿದೆ, ಆದರೆ ಮೊದಲು ಹುಡುಗನನ್ನು ನಳದ ಹತ್ತಿರ ಕೂಡಿಸಿ ಸಾಬೂನಿನಿಂದ ಗಾಯ ತೊಳೆಸಿ, ಆಮೇಲೆ ಆಸ್ಪತ್ರೆಗೆ ಕಳಿಸಿದ್ದಾಯಿತು.

ನಾಯಿಮರಿಗೂ ರೇಬಿಸ್ ಬರುತ್ತದೆ. ರೋಗಾಣು ಇರುವುದು ಜೊಲ್ಲಿನಲ್ಲಿ. ಅದು ಗಾಯದಿಂದ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ ಸಾಕು. ನೀರು ಕಂಡರೆ ಗಂಟಲು ಹಿಂಡುವ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮುಂಚೆ ಚಿಕಿತ್ಸೆ ಸರಿಯಾಗಿ ಆದರೆ ರೋಗವನ್ನು ತಡೆಯಬಹುದು. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ಪೂರಾ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಏಕೆಂದರೆ ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಸುಣ್ಣ, ಖಾರಪುಡಿ, ಅರಿಶಿನ, ಎಣ್ಣೆ ಯಾವುದೂ ಬೇಡ. ಪಟ್ಟಿ ಬಿಗಿಯುವುದೂ ಬೇಡ. ಅದೇ ದಿನ ಸಾಂಗಲಿ ಅಥವಾ ಮಿರಜದ ಸರಕಾರಿ ಆಸ್ಪತ್ರೆಗೆ ಹೋಗಿರಿ. ಸರಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆಗೆ ಹಣವಿಲ್ಲ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಸೀರಂ ಚುಚ್ಚುಮದ್ದು ಕೊಡಬೇಕಾಗುತ್ತದೆ. ವೈದ್ಯರನ್ನು ಅದನ್ನೂ ಕೇಳಿರಿ.

ಹಿರಿಯರಿಗೆ ಇನ್ನೂ ಒಂದು ಭಯವಿದೆ: ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೇ ಅದು ನಿಂತುಹೋಗಿದೆ. ಈಗ ಕೊಡುವುದು ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3ನೆಯ, 7ನೆಯ, 28ನೆಯ ದಿನ ಹೋಗಬೇಕು. ಎರಡು ಸಲ ಹೋಗಿ, "ಹುಡುಗ ಆರಾಮ ಇದ್ದಾನ" ಎಂದು ಬಿಡುವವರೇ ಹೆಚ್ಚು. ಹಾಗೆ ಬಿಡಬಾರದು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿರಿ, ಕೊಲ್ಲಬೇಡಿರಿ. ಆದರೆ ಹತ್ತು ದಿನ ನೋಡಿದ ಮೇಲೆ ಲಸಿಕೆ ಎಂದುಕೊಂಡು ಕುಳಿತಿರಬೇಡಿರಿ.

ರೈತರಿಗೆ ಒಂದು ಮಾತು. ಹುಚ್ಚು ಹಿಡಿದ ನಾಯಿ ಯಾವಾಗಲೂ ಓಡಾಡಿ ಕಚ್ಚುವುದಿಲ್ಲ. ಕೆಲವು ನಾಯಿಗಳು ಕತ್ತಲ ಮೂಲೆ ಸೇರುತ್ತವೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಯಜಮಾನ ಬಾಯಲ್ಲಿ ಕೈ ಹಾಕುತ್ತಾನೆ. ನಾಯಿ ಕಡಿದ ಎಮ್ಮೆ, ಆಕಳಿಗೂ ಹೀಗೆಯೇ ಆಗುತ್ತದೆ. ಕೈ ಹಾಕದೆ ಪಶುವೈದ್ಯರನ್ನು ಕರೆಯಿರಿ, ಅಂಥ ದನದ ಹಾಲು ಬಳಸಬೇಡಿರಿ.

ಎರಡನೆಯ ರೋಗದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ: ಹೈಡ್ಯಾಟಿಡ್, ಅಂದರೆ ನೀರು ತುಂಬಿದ ಗಡ್ಡೆ. ನಮ್ಮ ಜಿಲ್ಲೆಯ ಪೂರ್ವಕ್ಕೆ ಜತ್ತ, ಕವಠೆ ಮಹಾಂಕಾಳ, ಆಟಪಾಡಿ ಕಡೆ ಬರಗಾಲದ ನೆಲ, ಕುರಿಗಳ ನಾಡು. ಜತ್ತ ತಾಲೂಕಿನ ಮಾಡಗ್ಯಾಳ ಕುರಿಯನ್ನು ಯಾರು ತಿಳಿಯರು? ಕುರಿ ಇದ್ದಲ್ಲಿ ನಾಯಿ. ಈ ಜೋಡಿಯ ನಡುವೆಯೇ ಒಂದು ಲಾಡಿಹುಳು ತಿರುಗುತ್ತದೆ. ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಈ ಹುಳು ನಾಯಿಯ ಕರುಳಿನಲ್ಲಿರುತ್ತದೆ. ತತ್ತಿಗಳು ಮಲದಲ್ಲಿ ಬಂದು ಹುಲ್ಲಿಗೆ, ಕಾಯಿಪಲ್ಲೆಗೆ, ನಾಯಿಯ ಕೂದಲಿಗೂ ಅಂಟುತ್ತವೆ. ಕುರಿ ಮೇಯುವಾಗ ಅವು ಒಳಗೆ ಹೋಗಿ ಯಕೃತ್ತು, ಪುಪ್ಪುಸದಲ್ಲಿ ಗಡ್ಡೆಯಾಗುತ್ತವೆ. ಕುರಿ ಕೊಯ್ದ ದಿನ ಆ ಹಸಿ ಯಕೃತ್ತನ್ನು ನಾಯಿಗೆ ಎಸೆದರೆ ಹುಳು ಮತ್ತೆ ತನ್ನ ಮನೆ ಸೇರಿತು.

ನಾಯಿಯನ್ನು ಮುಟ್ಟಿದ ಕೈಯಲ್ಲಿ ಉಂಡರೆ ಅದೇ ಗಡ್ಡೆ ಮನುಷ್ಯನಿಗೂ ಆಗುತ್ತದೆ. ವರ್ಷಗಟ್ಟಲೆ ನೋವಿಲ್ಲ, ಸುಳಿವಿಲ್ಲ. ಮಗುವಿದ್ದಾಗ ಹೊಕ್ಕ ತತ್ತಿ ದೊಡ್ಡವನಾದ ಮೇಲೆ ಬಲಪಕ್ಕೆಯ ಭಾರವಾಗಿಯೋ ಕೆಮ್ಮಾಗಿಯೋ ಗೊತ್ತಾಗಬಹುದು. ಗಡ್ಡೆ ಒಳಗೇ ಒಡೆದರೆ ಪ್ರಾಣಕ್ಕೆ ಅಪಾಯ, ಅನೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಾಗಾಗಿ ಹಬ್ಬದ ದಿನ ಮನೆಯಲ್ಲಿ ಕುರಿ, ಆಡು ಕೊಯ್ದರೆ ಒಳಗಿನ ಭಾಗಗಳನ್ನು ನಾಯಿಗೆ ಹಸಿಯಾಗಿ ಹಾಕಬೇಡಿರಿ. ಅರ್ಧ ಗಂಟೆ ಕುದಿಸಿ ಹಾಕಿರಿ, ಇಲ್ಲವೇ ನಾಯಿ ಕೆದರಲಾಗದಷ್ಟು ಆಳದಲ್ಲಿ ಹೂಳಿರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಔಷಧವೇ ಬೇಕು, ಎಲ್ಲ ಹುಳದ ಗುಳಿಗೆಯೂ ನಡೆಯದು. ಮೂರು ತಿಂಗಳಿಗೊಮ್ಮೆ ಕೊಡಿರಿ. ಕುರಿಹಟ್ಟಿಯ ನಾಯಿಗೆ ಇನ್ನೂ ಬೇಗ ಬೇಕಾಗಬಹುದು, ಪಶುವೈದ್ಯರನ್ನು ಕೇಳಿರಿ.

ಉಣ್ಣೆಯನ್ನು ಉಗುರಿನಲ್ಲಿ ಒರೆಯಬೇಡಿರಿ, ಅದರಿಂದಲೂ ಜ್ವರ ಬರುತ್ತದೆ. 2005, 2019, 2021ರಂತೆ ಕೃಷ್ಣೆ ಊರೊಳಗೆ ಬಂದಾಗ ಇಲಿ, ನಾಯಿಗಳ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರದ ಭಯ.

ಇನ್ನು ನಾಯಿಯ ನಾಲಿಗೆಯಲ್ಲಿ ಔಷಧವಿದೆ ಎಂಬ ಮಾತು. ಲಾಸರನ ಹುಣ್ಣುಗಳನ್ನು ನಾಯಿಗಳು ನೆಕ್ಕಿದವೆಂದು ಸಂತ ಲೂಕನು ಬರೆದದ್ದು ಅವನ ದೈನ್ಯ ತೋರಿಸಲು, ಚಿಕಿತ್ಸೆ ಹೇಳಲು ಅಲ್ಲ. ಗಾಯವನ್ನು ನೆಕ್ಕಿಸಬೇಡಿರಿ. ನೆಕ್ಕಿದರೆ ಅದನ್ನೂ ಕಡಿತವೆಂದೇ ತಿಳಿದು ತೊಳೆದು ಆಸ್ಪತ್ರೆಗೆ ಹೋಗಿರಿ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪುನಃ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡಿರಿ. ಸೆಪ್ಟೆಂಬರ್ 28 ಲೂಯಿ ಪಾಶ್ಚರ್ ತೀರಿಕೊಂಡ ದಿನ, ಈಗ ವಿಶ್ವ ರೇಬಿಸ್ ದಿನ. ಅದಾದ ಆರನೆಯ ದಿನ, ಅಕ್ಟೋಬರ್ 4ಕ್ಕೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಅಂದು ಸಂಜೆ ಪ್ರಾಣಿಗಳನ್ನು ಆಶೀರ್ವಾದಕ್ಕೆ ತರುವವರು ನಾಯಿಗೆ ಸರಪಳಿ ಹಾಕಿ, ಲಸಿಕೆಯ ಚೀಟಿಯನ್ನೂ ಜೊತೆಗೆ ತರಬೇಕೆಂದು ವಿನಂತಿ.