ಚಾರ್ಜರಿನ ಕೆಂಪು ದೀಪವನ್ನು ಬೈಯಬೇಡಿ

ಕಳೆದ ತಿಂಗಳು ಪರಿಚಯದ ನಿವೃತ್ತ ಮೇಷ್ಟರೊಬ್ಬರು ರಕ್ತದ ಒತ್ತಡ ಪರೀಕ್ಷಿಸಿಕೊಳ್ಳಲು ಬಂದಿದ್ದರು. ಮಾತ್ರೆ ತಪ್ಪಿಸುವವರಲ್ಲ, ಉಪ್ಪು ಹೆಚ್ಚು ತಿನ್ನುವವರಲ್ಲ. ಸದಾ 130/84ರ ಆಸುಪಾಸಿನಲ್ಲಿರುತ್ತಿದ್ದ ಒತ್ತಡ ಅಂದು 156/94ಕ್ಕೆ ಏರಿತ್ತು. "ಮೇಷ್ಟ್ರೇ, ಏನಾದರೂ ಚಿಂತೆ ಹಚ್ಚಿಕೊಂಡಿದ್ದೀರಾ?" ಎಂದು ಕೇಳಿದೆ. "ಚಿಂತೆಯಲ್ಲ ಡಾಕ್ಟ್ರೇ, ಕರೆಂಟಿನ ಕಾರು" ಎಂದರು.

ಮಗ ಪ್ರೀತಿಯಿಂದ ಕೊಡಿಸಿದ ವಿದ್ಯುತ್ ಕಾರು. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲಿನ ಖರ್ಚಿಲ್ಲ. ಆದರೆ ಅವರ ದೂರುಗಳು ಮೂರು. ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕುಳಿತರೆ ವಾಂತಿ ಮಾಡಿಕೊಳ್ಳುತ್ತಾಳೆ. ದೂರದ ಊರಿಗೆ ಹೊರಟರೆ ಚಾರ್ಜು ಎಲ್ಲಿ ಮುಗಿದುಹೋಗುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಪ್ಲಗ್ಗು ಚುಚ್ಚಿದರೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿ, ಬೆಳಿಗ್ಗೆ ನೋಡಿದರೆ ಬ್ಯಾಟರಿ ನಿನ್ನೆ ಇದ್ದಷ್ಟೇ ಇರುತ್ತದೆ.

"ಮೂರನೆಯದು ಈಗ ಸರಿಹೋಯಿತು ಬಿಡಿ. ಒಬ್ಬ ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನೊಳಗೆ ಒಂದು ಚಿಕ್ಕ ವೈರು ಹಾಕಿಕೊಟ್ಟ, ದೀಪ ಹಸಿರಾಯಿತು" ಎಂದು ಅವರು ನಕ್ಕಾಗ ನನಗೆ ನಗು ಬರಲಿಲ್ಲ. ಮೊದಲ ಎರಡು ತೊಂದರೆಗಳಿಂದ ಬೇಸರವಾಗಬಹುದೇ ಹೊರತು ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಆ ಚಿಕ್ಕ ವೈರು ಮಾತ್ರ ಜೀವ ತೆಗೆಯಬಲ್ಲದು. ಇಂಥ ಕಾರು ನಿಮ್ಮ ಮನೆಯಲ್ಲಿದ್ದರೆ ಅಥವಾ ಕೊಳ್ಳುವ ಯೋಚನೆಯಿದ್ದರೆ ಈ ಮೂರನ್ನೂ ಒಂದೊಂದಾಗಿ ತಿಳಿದುಕೊಳ್ಳಿ.

ಹಿಂದಿನ ಸೀಟಿನ ವಾಂತಿ

ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ತಲೆ ತಿರುಗಿದ್ದನ್ನು ನಾಳಗಳು ಗುರುತಿಸಿದರೆ, ದೇಹ ಮುಂದಕ್ಕೆ ನುಗ್ಗಿದ್ದನ್ನು, ತಡೆದು ನಿಂತದ್ದನ್ನು ಚೀಲಗಳು ಗುರುತಿಸುತ್ತವೆ. ಕಣ್ಣು ಒಂದು ಸುದ್ದಿ ಹೇಳಿ ಕಿವಿ ಇನ್ನೊಂದು ಸುದ್ದಿ ಹೇಳಿದಾಗ ಮೆದುಳಿಗೆ ಗೊಂದಲವಾಗುತ್ತದೆ. ಬಾಯಲ್ಲಿ ನೀರೂರುವುದು, ಆಕಳಿಕೆ, ತಣ್ಣನೆಯ ಬೆವರು, ಕೊನೆಗೆ ವಾಂತಿ ಇವೆಲ್ಲ ಆ ಗೊಂದಲದ ಲಕ್ಷಣಗಳು.

ವಿದ್ಯುತ್ ಕಾರಿನಲ್ಲಿ ಇದು ಕೆಲವರಿಗೆ ಹೆಚ್ಚಾಗಲು ಕಾರಣವಿದೆ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಕಾರಿನ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. ಆಗ ಬ್ರೇಕು ಒತ್ತದಿದ್ದರೂ ಕಾರು ಎಳೆದು ಹಿಡಿದಂತೆ ನಿಧಾನವಾಗುತ್ತದೆ. ಸಂತೆಬೀದಿಯಂಥ ಜನನಿಬಿಡ ರಸ್ತೆಯಲ್ಲಿ ಹೀಗೆ ನುಗ್ಗುವುದು, ತಡೆಯುವುದು ನೂರಾರು ಬಾರಿ ನಡೆಯುತ್ತದೆ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಸದ್ದು, ಗೇರು ಬದಲಾದದ್ದು ಮುನ್ಸೂಚನೆ ಕೊಡುತ್ತಿದ್ದವು. ಇಲ್ಲಿ ಸದ್ದೇ ಇಲ್ಲ. ಮುಂದೇನಾಗುತ್ತದೆ ಎಂದು ಚಾಲಕನಿಗೆ ಗೊತ್ತು, ಆದ್ದರಿಂದ ಅವನಿಗೆ ವಾಂತಿ ಬರುವುದು ಅಪರೂಪ. ಹಿಂದೆ ಕುಳಿತು ಮೊಬೈಲು ನೋಡುವ ಮಗುವಿಗೆ ಅದು ಗೊತ್ತಾಗುವುದಿಲ್ಲ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ತೊಂದರೆ ಹೆಚ್ಚು.

ಪರಿಹಾರ ಸುಲಭ. ಕಾಲು ತೆಗೆದಾಗ ಕಾರು ಎಷ್ಟು ಜೋರಾಗಿ ನಿಧಾನವಾಗಬೇಕೆಂಬುದನ್ನು ಹಲವು ಕಾರುಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಮನೆಮಂದಿ ಇದ್ದಾಗ ಕಡಿಮೆ ಮಟ್ಟದಲ್ಲಿಡಿ. ಮಗು ಮೊಬೈಲು, ಪುಸ್ತಕ ಬಿಟ್ಟು ಹೊರಗೆ ದೂರಕ್ಕೆ ನೋಡಲಿ. ಹೊಟ್ಟೆ ಬಿರಿಯುವಷ್ಟು ತಿನ್ನಿಸಿಯೂ ಹೊರಡಬೇಡಿ, ಖಾಲಿ ಹೊಟ್ಟೆಯಲ್ಲಿಯೂ ಹೊರಡಬೇಡಿ. ಕಿಟಕಿ ಸ್ವಲ್ಪ ತೆರೆದಿರಲಿ. ಶುಂಠಿ ಕೆಲವರಿಗೆ ಅನುಕೂಲ. ವಾಂತಿ ತಡೆಯುವ ಮಾತ್ರೆಗಳನ್ನು ವೈದ್ಯರನ್ನು ಕೇಳಿಯೇ ಕೊಡಿ. ಅವು ನಿದ್ದೆ ತರಿಸುವುದರಿಂದ ಕಾರು ಓಡಿಸುವವರು ತೆಗೆದುಕೊಳ್ಳಲೇಬಾರದು.

ಚಾರ್ಜು ಮುಗಿದೀತೆಂಬ ಅಳುಕು

ಮೇಷ್ಟರು ಹಾಸನದವರು. ಮಂಗಳೂರಿಗೆ ಇಳಿಯುವಾಗ ಚಾರ್ಜು ಸಾಕಷ್ಟು ಉಳಿದಿತ್ತಂತೆ. ಮರಳುವಾಗ ಶಿರಾಡಿ ಘಾಟಿಯಲ್ಲಿ ಅದು ಸರಸರನೆ ಇಳಿಯತೊಡಗಿತು. ಗಾಬರಿಯಾಗಿ ಎ.ಸಿ. ನಿಲ್ಲಿಸಿದರು. ನಿಂತರೆ ತಡವಾದೀತೆಂದು ಮೂತ್ರವನ್ನೂ ತಡೆದುಕೊಂಡು, ನೀರನ್ನೂ ಕುಡಿಯದೆ ಓಡಿಸಿದರು. ಊರು ಸೇರುವಷ್ಟರಲ್ಲಿ ತಲೆನೋವು, ಸುಸ್ತು.

ಭಯವಾದಾಗ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ನಾಡಿ ಮತ್ತು ರಕ್ತದ ಒತ್ತಡ ಏರುತ್ತವೆ. ಹುಲಿ ಅಟ್ಟಿಸಿಕೊಂಡು ಬಂದಾಗ ಇದು ಉಪಕಾರಿ. ಕಾರಿನ ಪರದೆಯ ಅಂಕಿ ನೋಡಿ ಎರಡು ಗಂಟೆ ಕಾಲ ಹೀಗೇ ಇದ್ದರೆ ಉಪಕಾರವಿಲ್ಲ, ಆಯಾಸ ಮಾತ್ರ. ಕಣ್ಣು ರಸ್ತೆ ಬಿಟ್ಟು ಪರದೆಯ ಮೇಲೆಯೇ ಇರುವುದು ಇನ್ನೂ ಕೆಟ್ಟದ್ದು.

ಈ ಅಳುಕಿಗೆ ಮದ್ದು ಒಂದಿಷ್ಟು ಲೆಕ್ಕ. ಒಂದೂವರೆ ಟನ್ ತೂಕದ ಕಾರು ಕರಾವಳಿಯಿಂದ 900 ಮೀಟರ್ ಎತ್ತರಕ್ಕೆ ಏರಲು, ರಸ್ತೆಯ ಖರ್ಚಲ್ಲದೆ, ಹೆಚ್ಚುವರಿಯಾಗಿ ಸುಮಾರು ಮೂರೂಮುಕ್ಕಾಲು ಯೂನಿಟ್ ವಿದ್ಯುತ್ ಬೇಕು. ಅಂದರೆ ಬಯಲಿನಲ್ಲಿ ಸುಮಾರು 25 ಕಿ.ಮೀ. ಓಡುವಷ್ಟು. ಕಂಪನಿ ಹೇಳುವ ದೂರ ಪ್ರಯೋಗಾಲಯದ ಪರೀಕ್ಷೆಯದು, ನಿಮ್ಮ ಘಾಟಿಯದ್ದಲ್ಲ. ಹೊರಡುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿದು, ಕಾಲುಭಾಗ ಚಾರ್ಜು ಉಳಿದಿರುವಾಗಲೇ ನಿಲ್ಲುವ ಜಾಗ ಗೊತ್ತುಮಾಡಿಕೊಂಡರೆ ಎದೆ ಹೊಡೆದುಕೊಳ್ಳುವುದಿಲ್ಲ. ಚಾರ್ಜು ಉಳಿಸಲೇಬೇಕೆಂದರೆ ಎ.ಸಿ. ನಿಲ್ಲಿಸಿ ಬೇಯುವ ಬದಲು ವೇಗ ತಗ್ಗಿಸಿ. ವೇಗ 100ರಿಂದ 80ಕ್ಕೆ ಇಳಿದರೆ ಗಾಳಿಯ ತಡೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಎರಡು ಗಂಟೆಗೊಮ್ಮೆ ಹೇಗೂ ಇಳಿದು ಕೈಕಾಲು ಆಡಿಸಬೇಕು. ಚಾರ್ಜಿಗಾಗಿ ನಿಲ್ಲುವುದು ನಿಮ್ಮ ಬೆನ್ನಿಗೂ ಕಾಲಿಗೂ ಒಳ್ಳೆಯದೇ. ಮಧುಮೇಹದವರು ತಿಂಡಿ, ಮಾತ್ರೆ ಜೊತೆಗಿಟ್ಟುಕೊಳ್ಳಿ. ಚಾರ್ಜಿಗೆ ಕಾಯುತ್ತ ಊಟದ ಹೊತ್ತು ಮೀರಬಹುದು.

ಕೆಂಪು ದೀಪದ ಅರ್ಥ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ರೇವಾ ಕಾರನ್ನೂ ಮನೆಯ 15 ಆಂಪಿಯರ್ ಸಾಕೆಟ್ಟಿಗೇ ಚುಚ್ಚುತ್ತಿದ್ದರು. ಇಂದೂ ಅನೇಕ ಮನೆಗಳಲ್ಲಿ ಅದೇ ಮೂರು ಕಣ್ಣಿನ ದೊಡ್ಡ ಸಾಕೆಟ್ಟೇ ಗತಿ. ಇಸ್ತ್ರಿಪೆಟ್ಟಿಗೆ, ಗೀಸರುಗಳು ಸ್ವಲ್ಪ ಹೊತ್ತು ಉರಿದು ಆರುತ್ತವೆ. ಕಾರು ಹಾಗಲ್ಲ. ರಾತ್ರಿಯಿಡೀ, ಎಂಟು ಹತ್ತು ಗಂಟೆ ಬಿಡದೆ ವಿದ್ಯುತ್ತನ್ನು ಎಳೆಯುತ್ತದೆ. ಸಾಕೆಟ್ಟು ಸಡಿಲವಾಗಿದ್ದರೆ ಅಲ್ಲಿ ಶಾಖ ಹುಟ್ಟಿ ಪ್ಲಾಸ್ಟಿಕ್ ಕರಗಬಹುದು, ಮನೆಮಂದಿ ಮಲಗಿರುವಾಗ ಬೆಂಕಿ ಹತ್ತಬಹುದು.

ಅದಕ್ಕಿಂತ ಮೋಸದ್ದು ಅರ್ತಿಂಗ್ ಇಲ್ಲದಿರುವುದು. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿರುತ್ತದೆ. ಒಳಗೆಲ್ಲೋ ವಿದ್ಯುತ್ ಸೋರಿ ಲೋಹದ ಮೈಗೆ ಬಂದರೆ ಭೂಮಿಗೆ ಇಳಿಯಲು ಅದಕ್ಕೆ ದಾರಿಯಿಲ್ಲ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರೇ ಆ ದಾರಿಯಾಗುತ್ತಾರೆ. ಅರ್ತಿಂಗ್ ಸರಿಯಾಗಿದ್ದರೆ ಆ ವಿದ್ಯುತ್ತು ತಂತಿಯ ಮೂಲಕ ಭೂಮಿಗಿಳಿದು, ಮೇನ್ ಬೋರ್ಡಿನ ರಕ್ಷಣಾ ಸ್ವಿಚ್ಚು ಬೀಳುತ್ತದೆ. ಅನೇಕ ಚಾರ್ಜರುಗಳು ಮೊದಲು ಅರ್ತಿಂಗ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೆಂಪು ದೀಪ ಹತ್ತಿಸಿ ಕೆಲಸ ನಿಲ್ಲಿಸುವುದು ಇದಕ್ಕೇ. ಕೆಂಪು ದೀಪಕ್ಕೆ ಬೇರೆ ಕಾರಣಗಳೂ ಇರಬಹುದು: ವೋಲ್ಟೇಜು ಇಳಿದಿರುವುದು, ಪ್ಲಗ್ಗು ಬಿಸಿಯಾಗಿರುವುದು, ಫೇಸು ನ್ಯೂಟ್ರಲ್ಲುಗಳು ಅದಲುಬದಲಾಗಿರುವುದು. ಯಾವ ಕಾರಣವಾದರೂ ಅದು ಕಾರಿನ ಹಟವಲ್ಲ, ಮನೆಯ ವೈರಿಂಗಿನ ಮೇಲಿನ ದೂರು.

ಮೇಷ್ಟರ ಪ್ಲಗ್ಗಿನಲ್ಲಿ ಆ ಮನುಷ್ಯ ಮಾಡಿದ್ದೇನು? ನ್ಯೂಟ್ರಲ್ ತಂತಿಗೂ ಅರ್ತಿಂಗ್ ಪಿನ್ನಿಗೂ ಒಂದು ತುಂಡು ವೈರು ಕಟ್ಟಿದ್ದ. ಚಾರ್ಜರು ಮೋಸಹೋಗಿ ಅರ್ತಿಂಗ್ ಇದೆಯೆಂದು ನಂಬಿತು. ಎಲ್ಲ ಸರಿಯಿರುವಷ್ಟು ದಿನ ಏನೂ ಆಗುವುದಿಲ್ಲ. ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಒಮ್ಮೆ ಸಡಿಲವಾಗಿ ಕಳಚಿದರೆ ಸಾಕು, ಅಥವಾ ಸಾಕೆಟ್ಟಿನಲ್ಲಿ ತಂತಿಗಳು ಅದಲುಬದಲಾಗಿದ್ದರೆ ಸಾಕು, 230 ವೋಲ್ಟು ನೇರವಾಗಿ ಕಾರಿನ ಮೈಮೇಲೆ ಬಂದು ಕೂರುತ್ತದೆ.

ನಮ್ಮ ಹೃದಯ ಎಷ್ಟು ವಿದ್ಯುತ್ತನ್ನು ತಡೆದೀತು? ಒಣಗಿದ ಚರ್ಮ ಒಳ್ಳೆಯ ತಡೆ. ಒದ್ದೆಯಾದಾಗ ದೇಹದ ತಡೆ ಸುಮಾರು 1000 ಓಮಿಗೆ ಇಳಿಯಬಹುದು. ಆಗ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ತಪ್ಪಿ ಅದು ಬರಿದೇ ಅದುರುವಂತಾಗಲು 100 ಮಿಲಿಆಂಪಿಯರ್ ಸಾಕು. ನಿಮ್ಮ 16 ಆಂಪಿಯರಿನ ಫ್ಯೂಸು ಅಥವಾ ಎಂ.ಸಿ.ಬಿ. ಬೀಳುವುದು 16,000 ಮಿಲಿಆಂಪಿಯರ್ ದಾಟಿದ ಮೇಲೆ. ಅದು ತಂತಿಯನ್ನು ಕಾಪಾಡುವ ಸಾಧನ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಪಾಡುವುದು 30 ಮಿಲಿಆಂಪಿಯರ್ ಸೋರಿದೊಡನೆ ಬೀಳುವ ಆರ್.ಸಿ.ಸಿ.ಬಿ. ಆದರೆ ಆ ತುಂಡು ವೈರಿದ್ದರೆ ಸೋರಿದ ವಿದ್ಯುತ್ತು ನ್ಯೂಟ್ರಲ್ಲಿನಲ್ಲೇ ಹಿಂದಿರುಗುವುದರಿಂದ ಆರ್.ಸಿ.ಸಿ.ಬಿ.ಗೂ ವಿಷಯ ತಿಳಿಯದೆ ಹೋಗಬಹುದು.

ನೀವು ಮಾಡಬೇಕಾದದ್ದು

1. ಕಾರಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು ಎಳೆಸಿ. ಅದಕ್ಕೆ ಅದರದೇ ಎಂ.ಸಿ.ಬಿ. ಮತ್ತು ಚಾರ್ಜರಿಗೆ ಹೊಂದುವ ಆರ್.ಸಿ.ಸಿ.ಬಿ. ಇರಲಿ.

2. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಅರ್ತಿಂಗ್ ಅಳೆಸಿ. ಹಳೆಯ ಮನೆಗಳಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ, ತಂತಿ ತುಕ್ಕು ಹಿಡಿದಿರುತ್ತದೆ.

3. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಚಾರ್ಜು ಮಾಡಬೇಡಿ.

4. ಚಾರ್ಜು ಶುರುವಾದ ಅರ್ಧ ಗಂಟೆಗೆ ಸ್ವಿಚ್ಚು ಆರಿಸಿ, ಪ್ಲಗ್ಗಿನ ಮೇಲ್ಮೈ ಮುಟ್ಟಿ ನೋಡಿ. ಕೈಯಿಡಲಾರದಷ್ಟು ಬಿಸಿಯಿದ್ದರೆ ಸಾಕೆಟ್ಟು ಬದಲಿಸಿ.

5. ಕಾರಿನ ಮೈ ಮುಟ್ಟಿದಾಗ "ಜುಮ್" ಎಂದಿತೆಂದು ಮಕ್ಕಳು ಹೇಳಿದರೆ ನಕ್ಕು ಸುಮ್ಮನಾಗಬೇಡಿ. ಮೇನ್ ಸ್ವಿಚ್ಚು ಆರಿಸಿ, ಪರೀಕ್ಷೆ ಮಾಡಿಸುವವರೆಗೆ ಚಾರ್ಜು ಮಾಡಬೇಡಿ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಕಾರಿನಲ್ಲಿ ಕೂರಬಹುದೇ ಎಂದು ಹಲವರು ಕೇಳುತ್ತಾರೆ. ಜರ್ಮನಿಯ ವೈದ್ಯರು 108 ಮಂದಿ ಇಂಥ ರೋಗಿಗಳನ್ನು ವಿದ್ಯುತ್ ಕಾರುಗಳಲ್ಲಿ ಕೂರಿಸಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಯಾವ ಅಡಚಣೆಯೂ ಕಂಡಿರಲಿಲ್ಲ. ನಿರ್ಭಯವಾಗಿ ಪ್ರಯಾಣಿಸಬಹುದು. ಚಾರ್ಜಾಗುತ್ತಿರುವಾಗ ಕೇಬಲ್ಲನ್ನು ಎದೆಗೊತ್ತಿ ನಿಲ್ಲದಿದ್ದರೆ ಸಾಕು.

ಶಾಕ್ ಹೊಡೆದರೆ

ಅಂಟಿಕೊಂಡವರನ್ನು ಬರಿಗೈಯಲ್ಲಿ ಎಳೆಯಬೇಡಿ, ನಿಮಗೂ ಹೊಡೆಯುತ್ತದೆ. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಸಾಧ್ಯವಿಲ್ಲದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಬಿಡಿಸಿ. 108ಕ್ಕೆ ಫೋನ್ ಮಾಡಿಸಿ. ಪ್ರಜ್ಞೆಯಿಲ್ಲದೆ, ಸಹಜವಾಗಿ ಉಸಿರಾಡದೆ ಇದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಾದರೆ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಚೇತರಿಸಿಕೊಂಡು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿ. ಚರ್ಮದ ಮೇಲಿನ ಸುಟ್ಟ ಗುರುತು ಚಿಕ್ಕದಾಗಿದ್ದರೂ ಒಳಗಿನ ಪೆಟ್ಟು ದೊಡ್ಡದಿರಬಹುದು.

ಮೇಷ್ಟರು ಅಂದೇ ಮನೆಗೆ ಹೋಗಿ ಆ ಪ್ಲಗ್ಗನ್ನು ಕಿತ್ತೆಸೆದರು. ಹಿತ್ತಿಲಿನಲ್ಲಿ ಹೊಸ ಅರ್ತಿಂಗ್ ಗುಂಡಿ ತೆಗೆಸಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಕಾರು ಶೆಡ್ಡಿನಲ್ಲೇ ನಿಂತಿತ್ತು. ಮೊಮ್ಮಗಳನ್ನು ಶಾಲೆಗೆ ನಡೆಸಿಕೊಂಡೇ ಬಿಟ್ಟುಬಂದರಂತೆ. ಮೊನ್ನೆ ಬಂದಾಗ ಒತ್ತಡ 134/86 ಇತ್ತು. ನಿಮ್ಮ ಮನೆಯಲ್ಲೂ ಕೆಂಪು ದೀಪ ಹತ್ತಿದರೆ ಅದನ್ನು ಆರಿಸುವ ಉಪಾಯ ಹುಡುಕಬೇಡಿ, ಅದು ಏಕೆ ಹತ್ತಿತೆಂದು ಹುಡುಕಿಸಿ. ಎರಡು ದಿನ ಬಸ್ಸಿನಲ್ಲಿ ಓಡಾಡಿದರೆ ನಷ್ಟವೇನಿಲ್ಲ.