ಮೊದಲು ಬೀಜ, ಆಮೇಲೆ ಬಳೆ

ಮಕ್ಕಳೇ, ಸಂಕ್ರಾಂತಿಯ ಹೊತ್ತಿಗೆ ಯಾಲಾಲ್, ತಾಂಡೂರು ಕಡೆಯ ಹೊಲಗಳಲ್ಲಿ ತೊಗರಿ ರಾಶಿ ನಡೆಯುವುದನ್ನು ನೀವು ನೋಡಿದ್ದೀರಿ. ನಮ್ಮ ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ತೊಗರಿ ಮಾರಿದ ದಿನ ಮನೆಗೆ ಹಣ ಬರುತ್ತದೆ. ಅಂದು ಎಲ್ಲರಿಗೂ ಏನಾದರೊಂದು ಬೇಕೆನಿಸುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮೂರು ವರ್ಷ ಮಳೆ ಸರಿಯಾಗಿ ಬರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆಯಿಲ್ಲ, ಅಂಗಡಿಯಲ್ಲಿ ಉದ್ರಿ ಬೆಳೆಯಿತು. ಈ ವರ್ಷ ತೊಗರಿ ಮಾರಿ 20,000 ರೂಪಾಯಿ ಬಂತು. ಅಣ್ಣನಿಗೆ 8,000 ರೂಪಾಯಿಯ ಮೊಬೈಲ್ ಬೇಕು. ಅಪ್ಪನಿಗೆ ಟಿ.ವಿ. ಬೇಕು. ತಂಗಿಗೆ ಜಾತ್ರೆಯ ಬಳೆ ಬೇಕು. ಮೂರು ವರ್ಷ "ಇಲ್ಲ" ಎಂಬ ಮಾತನ್ನೇ ಕೇಳಿದವರು ಅವರು! ಆಸೆಪಟ್ಟದ್ದು ತಪ್ಪೇನಲ್ಲ.

"ಅವ್ವಾ, ನನ್ನ ಬಳೆ?"

"ತಡಿ ಮಗಳೇ, ಮಾಡದಿದ್ದರೆ ನಡೆಯದ ಖರ್ಚನ್ನು ಮೊದಲು ತೆಗೆದಿಡೋಣ."

ಬಿತ್ತನೆಯ ತೊಗರಿಯನ್ನು ಅವ್ವ ಮಾರುವ ಮೊದಲೇ ಬೇರೆ ಇಟ್ಟಿದ್ದಳು. ಈಗ ಉದ್ರಿ, ಸಾಲಕ್ಕೆ 9,000. ಮಳೆಗಾಲದ ಜೋಳಕ್ಕೆ 4,000. ಸೋರುವ ಛಾವಣಿಯ ತಗಡಿಗೆ 3,500. ನೋಟುಪುಸ್ತಕ, ಚಪ್ಪಲಿಗೆ 1,000. ಒಟ್ಟು 17,500. ಉಳಿದದ್ದು 2,500. ಅದರಲ್ಲಿ 500 ರೂಪಾಯಿ ಜಾತ್ರೆಗೆ, ಬಳೆಗೆ. 2,000 ಸಂಘದ ಉಳಿತಾಯಕ್ಕೆ. ಮೊಬೈಲ್, ಟಿ.ವಿ. ಮುಂದಿನ ರಾಶಿಗೆ ಉಳಿದವು. ಅಣ್ಣ ಸ್ವಲ್ಪ ಮುನಿಸಿಕೊಂಡ, ಅದೂ ಸಹಜವೇ.

ಚಪ್ಪಲಿ ಅಗತ್ಯವೋ, ಬಯಕೆಯೋ? ಶಾಲೆಗೆ ನಡೆಯಲು ಒಂದು ಜೊತೆ ಬೇಕೇ ಬೇಕು. ಅದು ಗಟ್ಟಿಯಾಗಿರುವಾಗಲೇ ಹೂವಿನ ಚಪ್ಪಲಿ ಕೇಳಿದರೆ ಅದು ಬಯಕೆ. ಸೈಕಲ್ಲೂ ಹಾಗೆಯೇ. ಶಾಲೆ ಪಕ್ಕದಲ್ಲಿದ್ದರೆ ಬಯಕೆ, ಐದು ಕಿಲೋಮೀಟರ್ ದೂರವಿದ್ದರೆ ಅಗತ್ಯ. ಆದ್ದರಿಂದ "ಇದು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?" ಎಂದು ಕೇಳಿಕೊಳ್ಳಬೇಕು.

ಇಂತಹ ಲೆಕ್ಕವನ್ನು ಜಹೀರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಒಟ್ಟಿಗೆ ಕುಳಿತು ಮಾಡಿದರು. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಲ್ಲಿ ಆರಂಭವಾಯಿತು. ಅದರ ಜೊತೆ ಬಡ ದಲಿತ ಮಹಿಳೆಯರು ಸಂಘಗಳನ್ನು ಕಟ್ಟಿದರು. 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳಲ್ಲಿ ಜೋಳ ಬೆಳೆಯಲು ಸಾಲ ಕೊಡಲಾಯಿತು. ಸಾಲವನ್ನು ಜೋಳದಲ್ಲೇ ತೀರಿಸಬೇಕಿತ್ತು. ಆ ಜೋಳವನ್ನು ಊರಲ್ಲೇ ಕೂಡಿಟ್ಟು, ಕಷ್ಟದ ಮಳೆಗಾಲದಲ್ಲಿ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು. ಯಾರಿಗೆ ಎಷ್ಟು? ಮಹಿಳೆಯರು ನೆಲದ ಮೇಲೆ ಊರಿನ ನಕ್ಷೆ ಬರೆದು ಮನೆಮನೆಯ ಸ್ಥಿತಿಯನ್ನು ಗುರುತಿಸಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ.

ಬೀಜವನ್ನು ಅವರು ಬೂದಿ, ಒಣ ಬೇವಿನ ಎಲೆ ಬೆರೆಸಿ ಜೋಪಾನ ಮಾಡುತ್ತಾರೆ. ಬೀಜವಿಲ್ಲದವರಿಗೆ ಸಂಘ ಬೀಜ ಕೊಡುತ್ತದೆ. ಬೆಳೆ ಬಂದಾಗ ಅವರು ಪಡೆದದ್ದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುತ್ತಾರೆ.

ಅಭ್ಯಾಸ

1. ಅವ್ವ ಬಿತ್ತನೆಯ ತೊಗರಿಯನ್ನು ಮೊದಲೇ ಏಕೆ ತೆಗೆದಿಟ್ಟಳು?

2. ಮೊದಲು ಮೊಬೈಲ್ ಕೊಂಡಿದ್ದರೆ ಯಾವ ಖರ್ಚುಗಳಿಗೆ ಹಣ ಸಾಲುತ್ತಿರಲಿಲ್ಲ? ಲೆಕ್ಕ ಮಾಡಿ.

3. ನಿಮ್ಮ ಮನೆಯಲ್ಲಿ ಬೀಜವನ್ನು ಹೇಗೆ ಕಾಪಾಡುತ್ತಾರೆ? ಅಜ್ಜಿಯನ್ನು ಕೇಳಿ ಬರೆಯಿರಿ.