ರಟ್ಟು ಕಟ್ಟುವ ಹುಡುಗನ ವಿದ್ಯೆ

ಶಾಲೆಯಲ್ಲಿ ಕಲಿತ ವಿದ್ಯೆ ದೊಡ್ಡದೋ, ಅನುಭವದಿಂದ ಬಂದುದು ದೊಡ್ಡದೋ ಎಂದು ಚರ್ಚಾಕೂಟಗಳಲ್ಲಿ ನಾವು ಬಹಳ ವಾದಿಸುತ್ತೇವೆ. ಅನುಭವದ ಪಕ್ಷ ಹಿಡಿದವರು ಮೈಕೇಲ್ ಫ್ಯಾರಡೆಯ ಹೆಸರನ್ನು ಎತ್ತುವುದುಂಟು. ಆತನ ಚರಿತ್ರೆಯನ್ನು ಕೊನೆಯವರೆಗೂ ಓದಿದರೆ ವಾದ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ.

ಫ್ಯಾರಡೆ 1791ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಓದು, ಬರಹ, ಅಲ್ಪಸ್ವಲ್ಪ ಲೆಕ್ಕ. ಶಾಲೆಯಿಂದ ದೊರೆತುದು ಇಷ್ಟೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ ಏಳು ವರ್ಷ ದುಡಿದನು. ಕಟ್ಟಲು ಬಂದ ಪುಸ್ತಕಗಳನ್ನು ಬಿಡುವಿನಲ್ಲಿ ಓದಿದನು. ಓದಿದುದನ್ನು ಕೈಗೆಟುಕಿದ ಸಾಮಾನುಗಳಿಂದ ಮಾಡಿ ನೋಡಿದನು. (ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಮುಂಬಯಿಯ ನಮ್ಮ ಹಿರಿಯರಿಗೆ ಈ ಹುಡುಗನು ಅಪರಿಚಿತನೆನಿಸಲಾರನು.) 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು.

1831ರ ಆಗಸ್ಟ್ 29ರ ಪ್ರಯೋಗವನ್ನು ನೋಡೋಣ. ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಿಗೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದನು. ಇನ್ನೊಂದು ತಂತಿಯ ಬಳಿಯಿದ್ದ ಕಾಂತಸೂಜಿ ಕ್ಷಣಕಾಲ ಅಲುಗಿ ಸ್ವಸ್ಥಾನಕ್ಕೆ ಮರಳಿತು. ಬ್ಯಾಟರಿಯ ಸಂಬಂಧವನ್ನು ಬಿಡಿಸಿದಾಗ ಮತ್ತೆ ಅಲುಗಿತು. ನಡುವೆ ವಿದ್ಯುತ್ತು ಹರಿಯುತ್ತಿದ್ದಷ್ಟು ಹೊತ್ತೂ ಸೂಜಿ ಸ್ತಬ್ಧ! ಬೇರೊಬ್ಬನಾಗಿದ್ದರೆ ಮೇಜು ಅಲುಗಿರಬೇಕೆಂದು ಬಿಟ್ಟುಬಿಡುತ್ತಿದ್ದನೇನೋ. ಹದಿನೆಂಟು ವರ್ಷ ಪ್ರಯೋಗಶಾಲೆಯಲ್ಲಿ ಪಳಗಿದ ಕಣ್ಣು ಬಿಡಲಿಲ್ಲ. ಕಾಂತಶಕ್ತಿಯು ಬದಲಾಗುತ್ತಿರುವಾಗ ಮಾತ್ರ ಎರಡನೆಯ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಆತನು ಕಂಡುಕೊಂಡನು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದುದು ಇದೇ ತತ್ತ್ವದಿಂದ. ನಾವು ಪರೀಕ್ಷೆಗಾಗಿ ಈ ನಿಯಮವನ್ನು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡುತ್ತೇವೆ. ಸೂಜಿ ಮರಳಿ ನಿಂತುದೇಕೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಿಯೇವು?

ಆದರೆ ಗಣಿತವು ಫ್ಯಾರಡೆಗೆ ಒಲಿಯಲಿಲ್ಲ. ಅಯಸ್ಕಾಂತದ ಸುತ್ತ ಬಲರೇಖೆಗಳನ್ನು ಆತನು ಮನಸ್ಸಿನಲ್ಲಿ ಕಂಡನು, ಸಮೀಕರಣದಲ್ಲಿ ಬರೆಯಲಾರದೆ ಹೋದನು. ಕೇಂಬ್ರಿಜ್ಜಿನಲ್ಲಿ ಓದಿದ ತರುಣ ಮ್ಯಾಕ್ಸ್‌ವೆಲ್ 1855ರಿಂದ ಮುಂದೆ ಅವುಗಳಿಗೆ ಗಣಿತದ ರೂಪ ಕೊಟ್ಟನು. ಬೆಳಕೂ ಒಂದು ವಿದ್ಯುತ್ಕಾಂತ ತರಂಗವೆಂಬ ನಿರ್ಣಯವು ಆ ಗಣಿತದಿಂದ ಹೊರಟಿತು. ಕೈಯ ಅನುಭವವೊಂದರಿಂದಲೇ ಅಲ್ಲಿಗೆ ತಲುಪುವುದು ಸಾಧ್ಯವಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

1857ರಲ್ಲಿ ಫ್ಯಾರಡೆ ಮ್ಯಾಕ್ಸ್‌ವೆಲ್ಲನಿಗೆ ಪತ್ರ ಬರೆದು, ಗಣಿತಜ್ಞರು ತಮ್ಮ ನಿರ್ಣಯಗಳನ್ನು ಸಾಮಾನ್ಯ ಭಾಷೆಯಲ್ಲಿಯೂ ಹೇಳಬಾರದೇ, ಪ್ರಯೋಗ ಮಾಡುವ ನಮ್ಮಂಥವರಿಗೆ ಅದು ಉಪಯೋಗವಾದೀತಲ್ಲ ಎಂದು ಕೇಳಿದನು. ಆಗ ಕೇಳಿದವನಿಗೆ ಅರವತ್ತಾರು ವರ್ಷ, ಉತ್ತರಿಸಬೇಕಾದವನಿಗೆ ಇಪ್ಪತ್ತಾರು.